ಬಾಡಿಗೆ ಮನೆಯ ಒಲೆ ಮತ್ತು ಒಡೆಯನ ಧರ್ಮ

ತಾನು ಎಂದೂ ಉಣ್ಣದ ಅಡುಗೆಮನೆಯನ್ನು ಕಟ್ಟಿಸುವವನಿಗೆ ಅನ್ನದ ಧರ್ಮ ತಟ್ಟುತ್ತದೆಯೇ? ಹೊಸನಗರ ತಾಲ್ಲೂಕಿನ ನಿಟ್ಟೂರಿನಂಥ ಊರಲ್ಲಿ ಇದು ಬರೀ ತರ್ಕದ ಪ್ರಶ್ನೆಯಲ್ಲ. ಕೊಡಚಾದ್ರಿಯ ಬುಡದ ಇಂಥ ಊರುಗಳಿಗೆ ಮೇಷ್ಟ್ರು, ನರ್ಸ್, ಬ್ಯಾಂಕಿನ ನೌಕರರು ವರ್ಗವಾಗಿ ಬರುತ್ತಾರೆ, ಒಂದಷ್ಟು ವರ್ಷ ಸಂಸಾರ ಹೂಡಿ ಮತ್ತೊಂದು ಊರಿಗೆ ಹೋಗುತ್ತಾರೆ. ಅಡಿಕೆಯ ಆದಾಯದ ಜೊತೆಗೆ ಇನ್ನೊಂದು ಆಸರೆ ಇರಲೆಂದು ರಸ್ತೆ ಬದಿಯಲ್ಲಿ ಎರಡು ಬಾಡಿಗೆ ಮನೆ ಕಟ್ಟಿಸುವ ಕುಟುಂಬ, ತನ್ನ ಮನೆಯ ಅಡುಗೆಕೋಣೆಗೆ ಒಂದು ಲೆಕ್ಕ, ಬಾಡಿಗೆ ಮನೆಯದಕ್ಕೆ ಇನ್ನೊಂದು ಲೆಕ್ಕ ಹಾಕುವುದು ಎಲ್ಲರೂ ಒಪ್ಪಿಕೊಂಡ ರೂಢಿ. ಈ ಎರಡು ಲೆಕ್ಕ ಅಧರ್ಮ ಎಂಬುದು ನನ್ನ ವಾದ. ಬಾಡಿಗೆ ಮನೆಗೆ ದುಬಾರಿ ಅಡುಗೆಮನೆ ಬೇಕೆಂದು ನಾನು ಹೇಳುತ್ತಿಲ್ಲ. ಕಡಿಮೆ ಖರ್ಚಿನದು, ಆದರೆ ಬಾಳಿಕೆ ಬರುವಂಥದು ಬೇಕು; ಆ ಬಾಳಿಕೆಯೇ ಇಲ್ಲಿ ಧರ್ಮದ ಅಳತೆ.

ಅನ್ನದ ಬಗ್ಗೆ ನಮ್ಮ ಪರಂಪರೆ ಅತ್ಯಂತ ಆಳವಾಗಿ ಯೋಚಿಸಿದ್ದು ತೈತ್ತಿರೀಯ ಉಪನಿಷತ್ತಿನ ಭೃಗುವಲ್ಲಿಯಲ್ಲಿ. ಬ್ರಹ್ಮವನ್ನರಸಿ ತಪಸ್ಸಿಗೆ ಕುಳಿತ ಭೃಗುವಿಗೆ ಮೊದಲು ಹೊಳೆದ ಉತ್ತರ ಅನ್ನ. ಅಲ್ಲಿಂದ ಪ್ರಾಣ, ಮನಸ್ಸು, ವಿಜ್ಞಾನಗಳನ್ನು ದಾಟಿ ಆನಂದದವರೆಗೆ ಏರಿದ ಮೇಲೂ ಉಪನಿಷತ್ತು ಅನ್ನವನ್ನು ಕೈಬಿಡುವುದಿಲ್ಲ. ಅದಕ್ಕೇ ಮರಳಿ ವ್ರತಗಳನ್ನು ವಿಧಿಸುತ್ತದೆ: ಅನ್ನವನ್ನು ನಿಂದಿಸಬಾರದು, ತಿರಸ್ಕರಿಸಬಾರದು, ಹೆಚ್ಚಿಸಬೇಕು, ನೆಲೆ ಕೇಳಿ ಬಂದವರನ್ನು ಹಿಂದಕ್ಕೆ ಕಳಿಸಬಾರದು. ಅನ್ನವನ್ನು ಎಂಥ ಗೌರವದಿಂದ ಸಿದ್ಧಪಡಿಸಿ ಕೊಡುತ್ತೇವೋ ಅಂಥ ಗೌರವದಿಂದಲೇ ಅದು ನಮಗೂ ದಕ್ಕುತ್ತದೆ ಎಂಬ ಮಾತೂ ಅಲ್ಲಿಯೇ ಇದೆ. ನೆಲೆಯನ್ನೂ ಅನ್ನವನ್ನೂ ಒಂದೇ ವ್ರತದಲ್ಲಿ ಹೆಣೆದಿರುವುದನ್ನು ಗಮನಿಸಬೇಕು. ಇದು ಅತಿಥಿಯ ಮಾತು, ದುಡ್ಡು ಕೊಟ್ಟು ಇರುವ ಬಾಡಿಗೆದಾರನಿಗೆ ಹೇಗೆ ಸಲ್ಲುತ್ತದೆ ಎಂದು ಯಾರಾದರೂ ಕೇಳಬಹುದು. ದುಡ್ಡು ಕೊಟ್ಟಾಗ ಕರ್ತವ್ಯ ಕಡಿಮೆಯಾಗುವುದಿಲ್ಲ, ಹೆಚ್ಚಾಗುತ್ತದೆ. ಅತಿಥಿಗೆ ಕೊಡುವುದು ದಾನ, ಬಾಡಿಗೆದಾರನಿಗೆ ಕೊಡುವುದು ಋಣ. ದಾನದಲ್ಲಿ ಕೊರತೆ ಮಾಡಿದವನು ಲೋಭಿ. ಋಣದಲ್ಲಿ ಕೊರತೆ ಮಾಡಿದವನು ವಂಚಕ.

ಈ ಸೀಮೆಗೆ ಈ ಪಾಠ ಹೊಸದೂ ಅಲ್ಲ. 1951ರಲ್ಲಿ ಪಕ್ಕದ ಸಾಗರ ತಾಲ್ಲೂಕಿನ ಕಾಗೋಡಿನಲ್ಲಿ ಗೇಣಿದಾರರು ಸತ್ಯಾಗ್ರಹಕ್ಕೆ ಇಳಿದಾಗ ಕಿಡಿ ಹೊತ್ತಿಸಿದ್ದು ಒಂದು ಕೊಳಗ. ಗೇಣಿಯ ಭತ್ತ ಅಳೆದುಕೊಳ್ಳಲು ಒಡೆಯರು ರೂಢಿಯ ಅಳತೆಗಿಂತ ದೊಡ್ಡ ಕೊಳಗ ಬಳಸುತ್ತಿದ್ದರು. ಕೊಡುವಾಗ ಒಂದು ಅಳತೆ, ತೆಗೆದುಕೊಳ್ಳುವಾಗ ಒಂದು ಅಳತೆ ಇರಕೂಡದು ಎಂಬ ಸರಳ ನ್ಯಾಯಕ್ಕಾಗಿ ರೈತರು ಜೈಲಿಗೆ ಹೋದರು. ಹೋರಾಟದ ಮುಂದಾಳುಗಳಾದ ಗಣಪತಿಯಪ್ಪ, ಶಾಂತವೇರಿ ಗೋಪಾಲಗೌಡರ ಜೊತೆ ನಿಲ್ಲಲು ಬಂದ ಸಮಾಜವಾದಿ ನಾಯಕ ರಾಮಮನೋಹರ ಲೋಹಿಯಾ ಕೂಡ ಬಂಧನಕ್ಕೊಳಗಾದರು. 1974ರಲ್ಲಿ ಜಾರಿಗೆ ಬಂದ ಭೂಸುಧಾರಣೆ ತಿದ್ದುಪಡಿ ಉಳುವವನನ್ನೇ ಹೊಲದೊಡೆಯನನ್ನಾಗಿ ಮಾಡಿತು. ಅಡುಗೆ ಮಾಡುವವರೇ ಮನೆಯ ಒಡೆಯರಾಗಬೇಕು ಎಂದು ಇದರಿಂದ ಸಾಧಿಸಲು ನಾನು ಹೊರಟಿಲ್ಲ. ಹೊಲ ಬೇರೆ, ಬಾಡಿಗೆ ಮನೆ ಬೇರೆ. ಆದರೆ ಕೊಳಗದ ನ್ಯಾಯ ಎರಡಕ್ಕೂ ಒಂದೇ. ಬಾಡಿಗೆಯನ್ನು ಪೂರ್ತಿ ಅಳತೆಯಲ್ಲಿ ತಿಂಗಳು ತಪ್ಪದೆ ಎಣಿಸಿಕೊಳ್ಳುವವನು ಒಲೆ, ನೀರು, ಗಾಳಿ, ಬೆಳಕನ್ನೂ ಪೂರ್ತಿ ಅಳತೆಯಲ್ಲಿಯೇ ಕೊಡಬೇಕು.

ಪೂರ್ತಿ ಅಳತೆ ಎಂದರೆ ಏನು ಎಂಬುದನ್ನು ಇಲ್ಲಿ ತೀರ್ಮಾನಿಸುವುದು ಮಳೆ. ಜೂನ್‌ನಲ್ಲಿ ಹಿಡಿದ ಮಳೆ ಸೆಪ್ಟೆಂಬರ್‌ವರೆಗೆ ಬಿಡದ ಈ ಘಟ್ಟದ ಅಂಚಿನಲ್ಲಿ ಜಂಬಿಟ್ಟಿಗೆಯ ಗೋಡೆ ತಿಂಗಳುಗಟ್ಟಲೆ ಥಂಡಿ ಹೀರಿಕೊಂಡೇ ಇರುತ್ತದೆ. ಪೇಟೆಯಲ್ಲಿ ಅಗ್ಗಕ್ಕೆ ಸಿಗುವ, ನೋಡಲು ಹೊಳೆಯುವ ಮಾಡ್ಯುಲರ್ ಕಪಾಟುಗಳಲ್ಲಿ ಬಹಳಷ್ಟು ಮರದ ಪುಡಿಯನ್ನು ಅಂಟಿನಲ್ಲಿ ಒತ್ತಿ ಮಾಡಿದ ಹಲಗೆಯವು. ಅಂಚಿನ ಪಟ್ಟಿ ಬಿಟ್ಟು ನೀರು ಒಳಗಿಳಿದರೆ ಆ ಹಲಗೆ ಉಬ್ಬುತ್ತದೆ. ಉಬ್ಬಿದ್ದು ಒಣಗಿದರೂ ಮೊದಲಿನಂತಾಗುವುದಿಲ್ಲ. ಆಮೇಲೆ ಬೂಷ್ಟು, ಜಿರಲೆ, ಒರಲೆ. ಅದೇ ದುಡ್ಡಿನ ಆಸುಪಾಸಿನಲ್ಲಿ ಗ್ರಾನೈಟ್ ಕಟ್ಟೆ, ಕೆಳಗೆ ಕಡಪ ಕಲ್ಲು ಕೂರಿಸಿದ ತೆರೆದ ಗೂಡುಗಳು, ಬೇಕಾದರೆ ಅದಕ್ಕೆ ಅಲ್ಯೂಮಿನಿಯಂ ಬಾಗಿಲು, ತುಕ್ಕು ಹಿಡಿಯದ ಸ್ಟೀಲ್ ಸಿಂಕ್, ಕಟ್ಟೆಯ ಹಿಂದಿನ ಗೋಡೆಗೆ ಟೈಲ್ಸ್ ಇಷ್ಟನ್ನು ಮಾಡಿಸಬಹುದು. ಕಡಪ ಕಲ್ಲು ಸುಣ್ಣದ ಜಾತಿಯದು, ಹುಣಸೆ ಮತ್ತು ನಿಂಬೆಯ ಹುಳಿ ಅದನ್ನು ತಿನ್ನುತ್ತದೆ. ಆದ್ದರಿಂದ ಅದು ಗೂಡಿಗೆ ಸರಿ, ಕಟ್ಟೆಯ ಮೇಲಕ್ಕೆ ಗ್ರಾನೈಟೇ ಸರಿ. ಕಟ್ಟೆ ಸಿಂಕಿನ ಕಡೆಗೆ ತುಸು ಇಳಿಜಾರಾಗಿರಬೇಕು, ಒಲೆಯ ಮಗ್ಗುಲಲ್ಲಿ ಹೊರಗೋಡೆಯ ಕಿಟಕಿ ಇರಬೇಕು, ಹೊಗೆ ಮತ್ತು ಒಗ್ಗರಣೆಯ ಘಾಟು ಎಳೆಯಲು ಫ್ಯಾನ್ ಇರಬೇಕು. ಇವು ತಾಂತ್ರಿಕ ವಿವರಗಳಂತೆ ಕಂಡರೂ ಒಂದೊಂದೂ ನೈತಿಕ ತೀರ್ಮಾನ. ಕಿಟಕಿ ಬಿಟ್ಟರೆ ಉಳಿಯುವ ದುಡ್ಡು ಒಡೆಯನದು. ಆ ಹೊಗೆ ಮಾತ್ರ ಬೇರೆ ಯಾರದೋ ಎದೆಗೆ ಹೋಗುತ್ತದೆ.

ಅಡುಗೆಮನೆ ಹಿಂಸೆಯ ಜಾಗವೂ ಹೌದೆಂದು ಹಿಂದಿನವರು ಮುಚ್ಚುಮರೆಯಿಲ್ಲದೆ ಒಪ್ಪಿಕೊಂಡಿದ್ದರು. ಒಲೆ, ಬೀಸುವ ಕಲ್ಲು, ಪೊರಕೆ, ಒರಳು-ಒನಕೆ, ನೀರಿನ ಕೊಡ ಈ ಐದರಲ್ಲಿ ಗೃಹಸ್ಥನ ಕೈಯಿಂದ ಅರಿಯದೆ ಜೀವಹಾನಿಯಾಗುತ್ತದೆ ಎಂದು ಮನುಸ್ಮೃತಿ ಎಣಿಸುತ್ತದೆ. ಪಂಚಮಹಾಯಜ್ಞಗಳು ಅದಕ್ಕೆ ಪ್ರಾಯಶ್ಚಿತ್ತ. ಇದೇ ಹೊಸನಗರ ತಾಲ್ಲೂಕಿನ ಹುಂಚದ ಜೈನ ಪರಂಪರೆಯಲ್ಲಿ ಈ ಎಚ್ಚರ ಇನ್ನೂ ತೀಕ್ಷ್ಣ. ಸೂರ್ಯ ಮುಳುಗುವ ಮೊದಲೇ ಊಟ ಮುಗಿಸುವ ನಿಯಮದ ಹಿಂದಿರುವುದೂ ಸಣ್ಣ ಜೀವಗಳ ಮೇಲಿನ ಕಾಳಜಿಯೇ. ಹುಳ ಸೇರುವ ಸಂದು, ನೀರು ನಿಲ್ಲುವ ಮೂಲೆ, ತೊಳೆಯಲಾಗದ ಹಲಗೆ ಇರುವ ಅಡುಗೆಮನೆಯನ್ನು ಕಟ್ಟಿಸಿಕೊಟ್ಟವನು ದಿನವೂ ಔಷಧಿ ಸಿಂಪಡಿಸುವ ಅನಿವಾರ್ಯವನ್ನು ಅಲ್ಲಿರುವವರ ಮೇಲೆ ಹೇರುತ್ತಾನೆ. ಸಿಂಪಡಿಸುವ ಕೈ ಬಾಡಿಗೆದಾರರದು. ಆ ಹಿಂಸೆಯ ಮೂಲದಲ್ಲಿ ಒಡೆಯನ ಪಾಲೂ ಇದೆ.

ಒಡೆಯರ ಕಡೆಯ ಆಕ್ಷೇಪಗಳು ಸುಳ್ಳಲ್ಲ. ಹಳ್ಳಿಯ ಬಾಡಿಗೆ ಕಡಿಮೆ, ಕಟ್ಟಿಸಿದವರು ಸಾಲಗಾರರೇ, ಇರುವವರು ತಮ್ಮದಲ್ಲವೆಂದು ಹಾಳುಮಾಡುತ್ತಾರೆ ಎನ್ನುತ್ತಾರೆ. ಆದರೆ ಹಾಳುಮಾಡುತ್ತಾರೆ ಎಂಬ ಭಯ ಕಲ್ಲಿನ ಕಟ್ಟೆಯ ಪರವಾದ ಸಾಕ್ಷಿಯೇ ಹೊರತು ಉಬ್ಬುವ ಹಲಗೆಯ ಪರವಾದದ್ದಲ್ಲ. ಬಡತನದ ಮಾತೂ ಅಷ್ಟೇ: ಪ್ರತಿ ಸಂಸಾರ ಖಾಲಿ ಮಾಡಿದಾಗಲೂ ಕಪಾಟು ಬದಲಿಸುವುದು ಸಾಲಗಾರನಿಗೆ ಎಟುಕುವ ಖರ್ಚಲ್ಲ. ಕಪಾಟುಗಳೇ ಇಲ್ಲದೆ ಬರೀ ಗಟ್ಟಿ ಕಟ್ಟೆ, ಒಳ್ಳೆಯ ನೀರು, ಕಿಟಕಿ ಕೊಟ್ಟವನು ಬಡವನಾದರೂ ಪೂರ್ತಿ ಅಳೆದವನು. ಅಗ್ಗದ್ದನ್ನು ಕೊಡುವುದು ತಪ್ಪಲ್ಲ. ಇಲ್ಲದ ಗಟ್ಟಿತನವನ್ನು ಹೊಳಪಿನಲ್ಲಿ ತೋರಿಸುವುದು ತಪ್ಪು.

ಇನ್ನೊಂದು ಆಕ್ಷೇಪ ಮಡಿಯ ಹೆಸರಲ್ಲಿ ಬರುತ್ತದೆ. ನಮ್ಮ ಮನೆಯ ಒಲೆಯ ಮೇಲೆ ಮೀನು, ಮಾಂಸ ಬೇಯಬಾರದು, ಆದ್ದರಿಂದ ಜಾತಿ ಕೇಳಿಯೇ ಮನೆ ಕೊಡುತ್ತೇವೆ ಎನ್ನುವವರಿದ್ದಾರೆ. ಅವರ ಶ್ರದ್ಧೆಯನ್ನು ಹಗುರವಾಗಿ ಕಾಣಬಾರದು. ಆದರೆ ಆಹಾರದ ವ್ರತ ಅದನ್ನು ಹಿಡಿದವನ ಬಾಯಿಗೂ ಕೈಗೂ ಸಂಬಂಧಿಸಿದ್ದು, ಗೋಡೆಗಳಿಗೆ ವ್ರತವಿಲ್ಲ. ನೆಲದ ಶುದ್ಧಿಗೆ ಶಾಸ್ತ್ರ ಹೇಳುವ ದಾರಿಗಳೂ ಗುಡಿಸುವುದು, ಸಾರಿಸುವುದು, ನೀರು ಚಿಮುಕಿಸುವುದು ಇಂಥವೇ. ಶುದ್ಧಿಯಾಗದ ನೆಲವೊಂದಿದೆ ಎಂದು ಅದು ಹೇಳುವುದಿಲ್ಲ. ನೆಲೆ ಕೇಳಿ ಬಂದವರನ್ನು ಹಿಂದಕ್ಕೆ ಕಳಿಸಬಾರದೆಂದ ಭೃಗುವಲ್ಲಿ ಜಾತಿ ಕೇಳಲು ಹೇಳಿಲ್ಲ. ಬಾಡಿಗೆ ಪಡೆದ ಮೇಲೆ ಆ ಬೆಂಕಿ ಅಲ್ಲಿ ಬೇಯಿಸುವವರದು.

ಕಡೆಯ ಆಕ್ಷೇಪ ತಾತ್ವಿಕವಾದದ್ದು. ಬಾಳಿಕೆ ಬರುವುದನ್ನು ಆರಿಸಿದರೆ ಒಡೆಯನಿಗೇ ಲಾಭ, ಲಾಭವಿರುವ ಕಡೆ ಧರ್ಮವೆಲ್ಲಿ ಎಂಬುದು ಅದು. ಲಾಭ ಬಂದ ಮಾತ್ರಕ್ಕೆ ಧರ್ಮ ಕೆಡುವುದಿಲ್ಲ. ಲಾಭ ಇಲ್ಲದಾಗಲೂ ಅದು ನಿಲ್ಲುತ್ತದೆಯೇ ಎಂಬುದೇ ಪರೀಕ್ಷೆ. ಕಿಟಕಿಯಿಂದ ಬಾಡಿಗೆ ಹೆಚ್ಚುವುದಿಲ್ಲ, ಕಟ್ಟೆಯ ಇಳಿಜಾರನ್ನು ಮನೆ ನೋಡಲು ಬಂದವರು ಗಮನಿಸುವುದಿಲ್ಲ, ಗೋಡೆಯೊಳಗಿನ ಪೈಪಿನ ಗುಣ ಯಾರ ಕಣ್ಣಿಗೂ ಬೀಳುವುದಿಲ್ಲ. ಇವನ್ನೂ ಸರಿಯಾಗಿ ಮಾಡಿಸಿದವನು ಲೆಕ್ಕಾಚಾರದಿಂದಾಚೆಗೆ ಹೋಗಿದ್ದಾನೆ. ಫಲದ ಮೇಲೆ ಹಕ್ಕು ಇಟ್ಟುಕೊಳ್ಳದೆ ಕರ್ಮ ಮಾಡಬೇಕೆಂಬ ಗೀತೆಯ ಬೋಧೆಯನ್ನು ಆಚರಿಸಲು ಗೃಹಸ್ಥನಿಗೆ ಇದಕ್ಕಿಂತ ಹತ್ತಿರದ ಅವಕಾಶ ಸಿಗುವುದು ಕಷ್ಟ: ತಾನು ಉಣ್ಣದ ಊಟಕ್ಕೆ, ತಾನು ನೋಡದ ದಿನಗಳಿಗೆ, ಹೆಸರೂ ಗೊತ್ತಿಲ್ಲದ ಮುಂದಿನ ಸಂಸಾರಕ್ಕೆ ಅವನು ಕಟ್ಟಿಸುತ್ತಿದ್ದಾನೆ. ಆದ್ದರಿಂದ ಬಾಡಿಗೆ ಮನೆ ಕಟ್ಟಿಸುವವರು ಕಂಟ್ರಾಕ್ಟರಿಗೆ ಮುಂಗಡ ಕೊಡುವ ಮೊದಲು ಒಂದೇ ಪ್ರಶ್ನೆ ಕೇಳಿಕೊಂಡರೆ ಸಾಕು: ಈ ಒಲೆಯ ಮುಂದೆ ನಮ್ಮ ಮನೆಯ ಹೆಣ್ಣುಮಕ್ಕಳು ಐದು ಮಳೆಗಾಲ ಅಡುಗೆ ಮಾಡಲಿ ಎಂದು ಬಿಡುತ್ತೇವೆಯೇ? ಬಿಡುವುದಿಲ್ಲ ಎಂದಾದರೆ ಬೇರೆಯವರಿಂದ ಬಾಡಿಗೆ ಕೇಳುವ ಹಕ್ಕು ಇನ್ನೂ ಬಂದಿಲ್ಲ.