ಯೌವನಸ್ಥರ ಲಕ್ಷ್ಯವು ಯಾರ ಸೊತ್ತು?

ಕಳೆದ ಬೇಸಿಗೆಯಲ್ಲಿ ಹತ್ತನೆಯ ತರಗತಿಯ ಫಲಿತಾಂಶವು ಬಂದ ಮರುವಾರದಲ್ಲಿ ನೇಕಾರರ ಓಣಿಯ ಒಬ್ಬ ತಂದೆಯು ನಮ್ಮನ್ನು ತನ್ನ ಮನೆಗೆ ಕರೆದುಕೊಂಡು ಹೋದನು. ಅವನ ಮಗನು ಗಣಿತದಲ್ಲಿ ತಪ್ಪಿದ್ದನು. ಹುಡುಗನು ಮಂದಬುದ್ಧಿಯವನಲ್ಲ, ಏಳನೆಯ ತರಗತಿಯ ವರೆಗೆ ಲೆಕ್ಕದಲ್ಲಿ ಓಣಿಗೆಲ್ಲಾ ಮೊದಲಿಗನಾಗಿದ್ದವನು. "ರಾತ್ರಿ ಒಂದು ಗಂಟೆಯ ತನಕ ಹೊದಿಕೆಯೊಳಗೆ ಮೊಬೈಲು ಬೆಳಗುತ್ತಿರುತ್ತದೆ, ಬೆಳಿಗ್ಗೆ ಎಬ್ಬಿಸಿದರೆ ಏಳುವದಿಲ್ಲ. ನೀವೊಂದು ಮಾತು ಬುದ್ಧಿ ಹೇಳಿರಿ. ಕೇಳದಿದ್ದರೆ ಅವನನ್ನು ಮಗ್ಗಕ್ಕೆ ಹಚ್ಚಿಬಿಡುತ್ತೇನೆ" ಎಂದು ತಂದೆಯು ದಾರಿಯುದ್ದಕ್ಕೂ ಹೇಳಿಕೊಂಡನು.

ನಾವು ಕುಳಿತು ಅರ್ಧ ತಾಸು ಬುದ್ಧಿ ಹೇಳಿದೆವು. ಹೋದ ಹೊತ್ತು ತಿರುಗಿ ಬಾರದೆಂದೂ, ನಿದ್ದೆಗೆಟ್ಟವನಿಗೆ ಪಾಠವು ಹತ್ತದೆಂದೂ, ತಂದೆಯ ಬೆವರನ್ನು ನೆನಸಿಕೊಳ್ಳಬೇಕೆಂದೂ, ಇಂಥ ವೇಳೆಯಲ್ಲಿ ಹೇಳತಕ್ಕದ್ದನ್ನೆಲ್ಲಾ ಹೇಳಿದೆವು. ಹುಡುಗನು ತಲೆ ತಗ್ಗಿಸಿ ಕೇಳಿದನು. ಕಡೆಗೆ ಮೆಲ್ಲಗೆ ತಲೆಯೆತ್ತಿ, "ಅಯ್ಯನವರೇ, ನೀವು ಮಾತಾಡುವಷ್ಟರೊಳಗೆ ನಾಲ್ಕು ಸಾರಿ ನಿಮ್ಮ ಮೊಬೈಲನ್ನು ತೆಗೆದು ನೋಡಿದಿರಿ" ಅಂದನು. ತಂದೆಯು ಸಿಟ್ಟಿನಿಂದ ಕೈಯೆತ್ತಿದನು; ನಾವು ಆ ಕೈಯನ್ನು ಹಿಡಿದೆವು. ಯಾಕಂದರೆ ಹುಡುಗನು ಹೇಳಿದ್ದು ನಿಜವಾಗಿತ್ತು, ಲೆಕ್ಕವೂ ಸರಿಯಾಗಿತ್ತು.

ಪ್ರಿಯ ವಾಚಕರೇ, ಆ ರಾತ್ರಿಯಿಂದ ಒಂದು ಪ್ರಶ್ನೆಯು ನಮ್ಮನ್ನು ಬಿಡದೆ ಹಿಂಬಾಲಿಸಿ ಬಂದಿದೆ. ಯೌವನಸ್ಥನೊಬ್ಬನ ಓದು, ನಿದ್ದೆ, ಮನಸ್ಸಿನ ಸಮಾಧಾನ ಇವು ಮೊಬೈಲಿನ ದೆಸೆಯಿಂದ ಕೆಟ್ಟಾಗ ಆ ದೋಷವು ಯಾರದು? ಮನಸ್ಸನ್ನು ಬಿಗಿಹಿಡಿಯದ ಹುಡುಗನದೋ? ತಂದುಕೊಟ್ಟ ತಾಯಿತಂದೆಗಳದೋ? ಮಾಡಿದವರದೋ?

ಮೊದಲು ಆ ವಸ್ತುವನ್ನು ಮಾಡಿರುವ ರೀತಿಯನ್ನು ನೋಡೋಣ. ಪುಸ್ತಕಕ್ಕೆ ಕಡೆಯ ಪುಟವುಂಟು, ವರ್ತಮಾನಪತ್ರಕ್ಕೂ ಉಂಟು. ಅಲ್ಲಿ ಕಣ್ಣು ನಿಂತು, ಸಾಕೋ ಇನ್ನೂ ಬೇಕೋ ಎಂದು ಮನಸ್ಸು ತನ್ನನ್ನು ತಾನೇ ಕೇಳಿಕೊಳ್ಳುವದು. 2006ನೆಯ ಇಸವಿಯಲ್ಲಿ ಅಮೇರಿಕದ ಏಜಾ ರಾಸ್ಕಿನ್ ಎಂಬವರು ಕೆಳಗೆ ಸರಿಸಿದಷ್ಟೂ ಮುಗಿಯದಿರುವ ಪುಟದ ಏರ್ಪಾಡನ್ನು ಕಲ್ಪಿಸಿದರು. ತಾವು ಮಾಡಿದ್ದಕ್ಕಾಗಿ ಆ ಮೇಲೆ ಬಹಿರಂಗವಾಗಿ ವ್ಯಥೆಪಟ್ಟರು. ಕಡೆಯ ಪುಟವು ಹೋದಾಗ ಆ ಪ್ರಶ್ನೆಯೂ ಅದರ ಸಂಗಡ ಹೋಯಿತು. ಇನ್ನೊಂದು ಸಂಗತಿಯು ಇದಕ್ಕಿಂತ ಹಳೆಯದು. ಬಿ. ಎಫ್. ಸ್ಕಿನ್ನರ್ ಎಂಬ ಮನಶ್ಶಾಸ್ತ್ರಜ್ಞರು ಪಾರಿವಾಳಗಳನ್ನು ಪೆಟ್ಟಿಗೆಯಲ್ಲಿಟ್ಟು, ಗೋಡೆಯ ಬಿಲ್ಲೆಯನ್ನು ಕುಕ್ಕಿದರೆ ಕಾಳು ಬೀಳುವಂತೆ ಮಾಡಿ, ಬಹು ವರ್ಷ ಪರೀಕ್ಷಿಸಿ, 1957ರಲ್ಲಿ ಜೊತೆಗಾರರೊಬ್ಬರೊಡನೆ ಅದರ ವಿವರಗಳನ್ನು ದೊಡ್ಡ ಗ್ರಂಥವಾಗಿ ಪ್ರಕಟಿಸಿದರು. ಕಾಳು ಯಾವ ಕುಕ್ಕಿಗೆ ಬೀಳುವದೆಂದು ತಿಳಿಯದಂತೆ ಏರ್ಪಡಿಸಿದಾಗ ಹಕ್ಕಿಯು ಎಡೆಬಿಡದೆ ಕುಕ್ಕುತ್ತಲೇ ಇರುತ್ತಿತ್ತು. ಹುಡುಗರು ನೋಡುವ ರೀಲ್ಸುಗಳೂ ಹಾಗೆಯೇ: ಒಂದು ಸಪ್ಪೆ, ಎರಡನೆಯದೂ ಸಪ್ಪೆ, ಐದನೆಯದು ಬಹು ಸೊಗಸು. ಆ ಐದನೆಯದಕ್ಕಾಗಿ ಬೆರಳು ಸರಿಯುತ್ತಿರುವದು.

ಹೀಗೆ ಕೂಡಿಸಿಟ್ಟುಕೊಳ್ಳುವದರಿಂದ ಕಂಪನಿಗೆ ಲಾಭವೇನು? ನೋಡುವವನು ಕಾಸು ಕೊಡುವದಿಲ್ಲ. ಅವನು ನೋಡುತ್ತಾ ಕುಳಿತ ಹೊತ್ತನ್ನು ಕಂಪನಿಯು ಜಾಹೀರಾತುಗಾರರಿಗೆ ಮಾರುವದು. ಅಂದ ಮೇಲೆ ಹುಡುಗನು ಅಲ್ಲಿ ಗಿರಾಕಿಯಲ್ಲ. ಅವನ ಲಕ್ಷ್ಯವೇ ಅಲ್ಲಿಯ ಸರಕು. 2020ನೆಯ ಜೂನ್ 29ರಲ್ಲಿ ಸರಕಾರವು ದೇಶದ ಭದ್ರತೆಯ ನಿಮಿತ್ತ ಟಿಕ್‌ಟಾಕನ್ನೂ ಅದರೊಂದಿಗೆ ಬೇರೆ 58 ಆ್ಯಪುಗಳನ್ನೂ ನಿಷೇಧಿಸಿದಾಗ, ಇನ್ನು ಹುಡುಗರು ಪುಸ್ತಕಕ್ಕೆ ತಿರುಗಿಕೊಳ್ಳುವರೆಂದು ಅನೇಕರು ಹಿಗ್ಗಿದರು. ಮರುತಿಂಗಳಲ್ಲೇ ಇನ್‌ಸ್ಟಾಗ್ರಾಮಿನ ರೀಲ್ಸು, ಸೆಪ್ಟೆಂಬರಿನಲ್ಲಿ ಯೂಟ್ಯೂಬಿನ ಶಾರ್ಟ್ಸು ನಮ್ಮ ದೇಶದಲ್ಲಿ ಆರಂಭವಾದವು. ಒಂದು ಅಂಗಡಿಯ ಬಾಗಿಲು ಮುಚ್ಚಿದರೆ ಸಂತೆಯು ಎತ್ತುವದುಂಟೇ?

ಇದನ್ನು ಕೇಳಿ ಕೆಲವರು, ಇದು ಸಾರಾಯಿಯಂತೆಯೇ ಸರಿ, ಮನೆಯಿಂದ ಹೊರಗೆ ಹಾಕಿಬಿಡಿರಿ ಅನ್ನುವರು. ನಮ್ಮ ರಾಜ್ಯದಲ್ಲಿ 2007ರ ಜುಲೈಯಲ್ಲಿ ಸಾರಾಯಿಯನ್ನು ನಿಷೇಧಿಸಿದ್ದು ಅನೇಕ ಹೆಂಗಸರಿಗೆ ಸಂತೋಷವಾಯಿತು, ನಾವೂ ಹರ್ಷಿಸಿದೆವು. ಆದರೆ ಸಾರಾಯಿ ಕುಡಿದು ಯಾರೂ ಪಾಠ ಕಲಿತವರಿಲ್ಲ. ನಾವು ಹೇಳಿದ ಮನೆಯಲ್ಲಿ ಆ ಹುಡುಗನ ಅಕ್ಕನು ದಾದಿಯರ ವಿದ್ಯೆಯ ಪಾಠಗಳನ್ನು ಅದೇ ಮೊಬೈಲಿನಲ್ಲಿ ಕೇಳುತ್ತಾಳೆ. ತಂದೆಯು ಸೀರೆಯ ಅಂಚಿನ ಚಿತ್ರವನ್ನು ಅದರಲ್ಲೇ ಸಾಹುಕಾರನಿಗೆ ಕಳುಹಿಸುತ್ತಾನೆ. ಅದು ಮನೆಗೆ ಬಂದದ್ದಾದರೂ ಹೇಗೆ? 2016ರ ಸೆಪ್ಟೆಂಬರಿನಲ್ಲಿ ಜಿಯೋ ಕಂಪನಿಯು ಇಂಟರ್‌ನೆಟ್ಟನ್ನು ಕೆಲವು ತಿಂಗಳು ಪುಕ್ಕಟೆಯಾಗಿ ಕೊಟ್ಟಿತು, ಆ ಮೇಲೆ ಎಲ್ಲಾ ಕಡೆ ಬೆಲೆಯು ಇಳಿಯಿತು. 2020ರಲ್ಲಿ ಶಾಲೆಗಳು ಮುಚ್ಚಿದಾಗ, ಮೊಬೈಲಿಲ್ಲದಿದ್ದರೆ ಮಗುವಿಗೆ ಪಾಠವಿಲ್ಲವೆಂದು ನಾವೇ ಸಾಲಮಾಡಿ ತಂದೆವು. (ವಿದ್ಯಾಗಮವೆಂಬ ಏರ್ಪಾಡಿನ ಮೇರೆಗೆ ಗುಡಿಯ ಅಂಗಳದಲ್ಲಿಯೂ ಮರದ ಕೆಳಗೂ ಪಾಠ ಹೇಳಿದ ಉಪಾಧ್ಯಾಯರನ್ನು ಇಲ್ಲಿ ಕೃತಜ್ಞತೆಯಿಂದ ನೆನಸುತ್ತೇವೆ.) ಶಾಲೆಗಳು ತೆರೆದವು, ಮೊಬೈಲು ಮನೆಯಲ್ಲೇ ಉಳಿಯಿತು. 2024ರ ಅಸರ್ ವರದಿಯ ಪ್ರಕಾರ ದೇಶದ ಹಳ್ಳಿಗಳಲ್ಲಿ ಮೊಬೈಲು ಬಲ್ಲ 14ರಿಂದ 16 ವಯಸ್ಸಿನವರೊಳಗೆ ನೂರಕ್ಕೆ ಸುಮಾರು 57 ಮಂದಿ ಹಿಂದಿನ ವಾರದಲ್ಲಿ ಅದನ್ನು ಓದಿಗಾಗಿ ಉಪಯೋಗಿಸಿದ್ದರು. ಸಾಮಾಜಿಕ ಜಾಲಗಳಿಗಾಗಿ ಉಪಯೋಗಿಸಿದವರು ನೂರಕ್ಕೆ ಸುಮಾರು 76.

ಕೇಡು ಎಷ್ಟೆಂಬದನ್ನು ಹೇಳುವಾಗಲೂ ಸತ್ಯವನ್ನು ಮೀರಬಾರದು. 2019ರಲ್ಲಿ ಏಮಿ ಆರ್ಬೆನ್ ಮತ್ತು ಆಂಡ್ರ್ಯೂ ಶಿಬಿಲ್ಸ್ಕಿ ಎಂಬ ಪಂಡಿತರು ಇಂಗ್ಲೆಂಡು, ಅಮೇರಿಕಗಳ ಮೂರೂವರೆ ಲಕ್ಷಕ್ಕಿಂತ ಹೆಚ್ಚು ಎಳೆಯರ ಲೆಕ್ಕಗಳನ್ನು ಶೋಧಿಸಿದರು. ಎಳೆಯರ ಮನಃಸ್ಥಿತಿಯು ಒಬ್ಬರಿಂದ ಒಬ್ಬರಿಗೆ ಭೇದವಾಗುವದಕ್ಕೆ ಇಂಥ ಯಂತ್ರಗಳ ಉಪಯೋಗವನ್ನು ಕಾರಣವೆಂದು ಎಣಿಸಿದರೂ ಅದು ನೂರರಲ್ಲಿ ಅರ್ಧಪಾಲನ್ನೂ ಮುಟ್ಟದೆಂದು ಕಂಡುಕೊಂಡರು. ಆದಕಾರಣ ಈ ತಲೆಮಾರೆಲ್ಲಾ ಹಾಳಾಯಿತೆಂದು ಕೂಗುವವರು ತಿಳಿದದ್ದಕ್ಕಿಂತ ಹೆಚ್ಚು ಹೇಳುತ್ತಾರೆ. ಆದಾಗ್ಯೂ ತಾಲೂಕಿನ ಸರಾಸರಿ ಮಳೆಯು ಸರಿಯಾಗಿದೆಯೆಂದು ಕಚೇರಿಯ ಲೆಕ್ಕವು ಹೇಳುವ ವರುಷದಲ್ಲಿಯೇ ಕೆರೆಯಾಚೆಯ ಒಬ್ಬನ ಜೋಳವು ಒಣಗಿ ನಿಂತಿರುವದನ್ನು ನಾವು ಕಂಡಿಲ್ಲವೋ? ಫೇಸ್‌ಬುಕ್ ಕಂಪನಿಯಲ್ಲಿ ಕೆಲಸಕ್ಕಿದ್ದ ಫ್ರಾನ್ಸಿಸ್ ಹೌಗೆನ್ ಎಂಬಾಕೆಯು 2021ರಲ್ಲಿ ಹೊರತಂದ ಕಾಗದಗಳಲ್ಲಿ ಕಂಪನಿಯವರೇ ನಡಿಸಿದ ಒಂದು ವಿಚಾರಣೆಯಿತ್ತು: ತಮ್ಮ ಶರೀರದ ವಿಷಯವಾಗಿ ಕುಂದಿಹೋದ ಹುಡುಗಿಯರಲ್ಲಿ ನೂರಕ್ಕೆ 32 ಮಂದಿ, ಇನ್‌ಸ್ಟಾಗ್ರಾಮು ಆ ಕುಂದನ್ನು ಹೆಚ್ಚಿಸಿತೆಂದು ಹೇಳಿದ್ದರು. ಆಗ ಅಮೇರಿಕದ ಸರ್ಜನ್ ಜನರಲ್ ಆಗಿದ್ದ ಡಾ. ವಿವೇಕ್ ಮೂರ್ತಿಯವರೂ (ಇವರ ಹಿರಿಯರ ಊರು ನಮ್ಮ ಮಂಡ್ಯ ಜಿಲ್ಲೆಯ ಹಲ್ಲೆಗೆರೆ) ಸಾಮಾಜಿಕ ಜಾಲಗಳು ಎಳೆಯರಿಗೆ ಸಾಕಷ್ಟು ಸುರಕ್ಷಿತವೆಂದು ಇನ್ನೂ ತೀರ್ಮಾನಿಸಲಾಗದೆಂದು 2023ರಲ್ಲಿ ಎಚ್ಚರಿಸಿದರು. ಕೈಮೀರಿದ ಮಕ್ಕಳಿಗಾಗಿ ಬೆಂಗಳೂರಿನ ನಿಮ್ಹಾನ್ಸಿನಲ್ಲಿ 2014ರಲ್ಲಿ ಶಟ್ ಎಂಬ ಚಿಕಿತ್ಸಾಲಯವು ಆರಂಭವಾಯಿತು. ಅಂಥ ಕಡೆಗೆ ಕರೆದುಕೊಂಡು ಹೋಗುವದರಲ್ಲಿ ತಾಯಿತಂದೆಗಳಿಗೆ ನಾಚಿಕೆ ಏನೂ ಇಲ್ಲ.

ಹಾಗಾದರೆ ದೋಷವೆಲ್ಲಾ ಮಾಡಿದವರದೇ ಎಂದು ತೀರಿಸಿಬಿಡಬಹುದೋ? ಅವರ ಪಾಲು ದೊಡ್ಡದೇ. ಒಬ್ಬನು ಅರಿಯದಿರುವಾಗ ಅವನ ಸೊತ್ತನ್ನು ತೆಗೆದುಕೊಳ್ಳುವದಕ್ಕೆ ಲೋಕವು ಇಟ್ಟ ಹೆಸರನ್ನು ನಾವು ಬಲ್ಲೆವು. ಆದರೆ ಎಲ್ಲವನ್ನೂ ಅವರ ಮೇಲೆ ಹೊರಿಸಿದರೆ ಹುಡುಗನು ಪೆಟ್ಟಿಗೆಯೊಳಗಿನ ಪಾರಿವಾಳವೆಂದು ಹೇಳಿದಂತಾಗುವದು. ಅದು ಅವನಿಗೆ ದಯೆಯಲ್ಲ, ಅವಮಾನ. ನಮ್ಮ ಎದುರಿಗೆ ಕುಳಿತವನು ಪಾರಿವಾಳವಾಗಿರಲಿಲ್ಲ. ಅರ್ಧ ತಾಸು ಅವನ ಲಕ್ಷ್ಯವು ನಮ್ಮ ಮೇಲೆಯೇ ಇತ್ತು. ಇಲ್ಲವಾದರೆ ನಾಲ್ಕೆಂದು ಎಣಿಸುವದು ಹೇಗೆ? ಅಲೆದದ್ದು ನಮ್ಮ ಲಕ್ಷ್ಯವೇ. ಅವನ ಪಾಲಿಗೆ ಆ ಹೊತ್ತಿನಲ್ಲಿ ನಾವು ಕೊಟ್ಟ ನಿಜವಾದ ಬೋಧನೆಯು ನಮ್ಮ ಬಾಯಿಯಿಂದಲ್ಲ, ನಮ್ಮ ಕೈಯಿಂದಲೇ ಹೊರಟಿತು: ಎದುರಿಗಿರುವ ಮನುಷ್ಯನಿಗಿಂತ ಜೇಬಿನಲ್ಲಿರುವದು ಹೆಚ್ಚಿನದೆಂಬದೇ ಆ ಬೋಧನೆ. ಮಗನು ಮಗುವಾಗಿದ್ದಾಗ, ಅಪ್ಪಾ ಇಲ್ಲಿ ನೋಡು ಎಂದು ಎಷ್ಟು ಸಾರಿ ಕರೆದನೋ, ನಾವು ಎಷ್ಟು ಸಾರಿ ತಲೆಯೆತ್ತದೆಯೇ ಹೂಂ ಅಂದೆವೋ! ಲಕ್ಷ್ಯವು ಅವನ ಸೊತ್ತು ನಿಜ. ಆದರೆ ಅದನ್ನು ವೆಚ್ಚ ಮಾಡುವ ರೀತಿಯನ್ನು ಅವನು ನಮ್ಮಿಂದ ಕಲಿತನು. ನಾವು ಇಟ್ಟುಕೊಳ್ಳದ ನೇಮವನ್ನು ಹದಿನಾರು ವರ್ಷದವನು ಒಬ್ಬನೇ ಇಟ್ಟುಕೊಳ್ಳಬೇಕೆಂದು ಕೇಳುವದು ನ್ಯಾಯವಲ್ಲ.

ಈ ವಿಷಯದಲ್ಲಿ ನಮಗೆ ಬಹಳ ಹಿಡಿಸಿದ್ದು ಬೆಳಗಾವಿ ಸೀಮೆಗೆ ಹೊಂದಿಕೊಂಡಿರುವ ಸಾಂಗ್ಲಿ ಜಿಲ್ಲೆಯ ಮೋಹಿತ್ಯಾಂಚೆ ವಡಗಾಂವ ಎಂಬ ಗ್ರಾಮದ ಸಂಗತಿ. 2022ರ ಆಗಸ್ಟಿನಲ್ಲಿ ಆ ಊರವರು ಕೂಡಿ ಮಾತಾಡಿ, ಸಂಜೆ ಏಳು ಗಂಟೆಗೆ ಗುಡಿಯ ಮೇಲಿನ ಸೈರನ್ನು ಕೂಗಿದೊಡನೆ ಮನೆಮನೆಯಲ್ಲಿಯೂ ಟಿ.ವಿ.ಯನ್ನೂ ಮೊಬೈಲನ್ನೂ ಒಂದೂವರೆ ತಾಸು ನಿಲ್ಲಿಸಬೇಕೆಂದು ಗೊತ್ತುಮಾಡಿಕೊಂಡರು. ಆಶಾ ಕಾರ್ಯಕರ್ತೆಯರೂ ನಿವೃತ್ತ ಉಪಾಧ್ಯಾಯರೂ ಮೊದಮೊದಲು ಮನೆಗಳಿಗೆ ಹೋಗಿ ನೆನಪುಮಾಡಿದರು. ಆಸ್ಟ್ರೇಲಿಯ ದೇಶವು 2025ರ ಡಿಸೆಂಬರ್ 10ರಿಂದ 16 ವರ್ಷದೊಳಗಿನವರಿಗೆ ಸಾಮಾಜಿಕ ಜಾಲಗಳಲ್ಲಿ ಖಾತೆ ಇರಬಾರದೆಂದು ಕಾಯಿದೆ ಮಾಡಿದೆ. ಮಗುವಿಗಾಗಲಿ ತಾಯಿತಂದೆಗಳಿಗಾಗಲಿ ದಂಡವಿಲ್ಲ, ಕಂಪನಿಗೆ ಮಾತ್ರ ಉಂಟು. ಅದು ನ್ಯಾಯವಾದದ್ದೇ. ಆದರೂ ಆ ಕಾಯಿದೆಯು ಬೇಡವೆಂದು ಹೇಳುವದು ಎಳೆಯರಿಗೆ ಮಾತ್ರ. ವಡಗಾಂವದ ಸೈರನ್ನಾದರೋ ಅಜ್ಜಿಯ ಧಾರಾವಾಹಿಯನ್ನೂ ನಿಲ್ಲಿಸಿತು. ಸಣ್ಣದಾದರೂ ನಾವು ಇದನ್ನೇ ಮೇಲೆಂದು ಎಣಿಸುತ್ತೇವೆ.

ಎರಡು ವಾರಗಳಾದ ಮೇಲೆ ನಾವು ಆ ಮನೆಗೆ ಹೋಗಿ, ನಾಚಿಕೆ ಬಿಟ್ಟು, ನಮ್ಮ ತಪ್ಪನ್ನು ಹುಡುಗನ ಮುಂದೆ ಒಪ್ಪಿಕೊಂಡೆವು. ವಡಗಾಂವದ ಸಂಗತಿಯನ್ನೂ ಹೇಳಿದೆವು. ಕೇಳುತ್ತಿದ್ದ ತಾಯಿಯು ಎದ್ದು ಬರಿದಾಗಿದ್ದ ಜೋಳದ ಡಬ್ಬಿಯನ್ನು ತಂದು ನಡುಮನೆಯಲ್ಲಿಟ್ಟಳು. ಎಲ್ಲರ ಮೊಬೈಲುಗಳೂ ಅದರೊಳಗೆ ಹೋದವು, ನಮ್ಮದೂ ಹೋಯಿತು. ಸ್ವಲ್ಪ ಹೊತ್ತಿನಲ್ಲಿ ಒಳಗಿಂದ ಒಂದು ಬಾರಿಸತೊಡಗಿತು. ಯಾರೂ ಏಳಲಿಲ್ಲ; ಆದರೆ ತಂದೆಯ ಕಾಲು ಅಲುಗುವದನ್ನು ನೋಡಿ ಮಗನಿಗೆ ನಗು ಬಂತು. ಮರುಪರೀಕ್ಷೆಗೆ ಇನ್ನೂ ಕೆಲವು ದಿವಸಗಳಿದ್ದವು. ಬಹುದಿನಗಳ ಮೇಲೆ ಅವನು ಲೆಕ್ಕದ ಪುಸ್ತಕವನ್ನು ನಮ್ಮೆದುರಿಗೆ ತೆರೆದು, ತಿಳಿಯದ ಎರಡು ಲೆಕ್ಕಗಳನ್ನು ತೋರಿಸಿದನು. ಒಂದು ನಮಗೂ ಬರಲಿಲ್ಲ.

ಮುಂದಿನ ವಾರ ತಂದೆಯು ಸಂತೆಯಲ್ಲಿ ಸಿಕ್ಕಿ ನಮ್ಮನ್ನು ಒತ್ತಟ್ಟಿಗೆ ಕರೆದನು. "ಶನಿವಾರ ಹೊತ್ತಿಗೆ ಮುಂಚೆ ಡಬ್ಬಿಯನ್ನು ತೆರೆದದ್ದಾಯಿತು, ಅಯ್ಯನವರೇ. ಮಗನಲ್ಲ, ನಾನೇ" ಅಂದನು.