ಸದುದ್ದೇಶವೊಂದೇ ಸಾಕೇ?

ಉತ್ತರ ಆಸ್ಟ್ರೇಲಿಯಾದ ಕಡಲತೀರಗಳಲ್ಲಿ ಬೇಸಿಗೆಯ ತಿಂಗಳುಗಳಲ್ಲಿ ಬಾಕ್ಸ್ ಜೆಲ್ಲಿ ಮೀನಿನ ಬಗ್ಗೆ ಎಚ್ಚರಿಸುವ ಫಲಕಗಳಿರುತ್ತವೆ. ಹೆಸರಿಗೆ ಮೀನಾದರೂ ಇದು ಮೀನಲ್ಲ. ಇದಕ್ಕೆ ಎಲುಬಿಲ್ಲ, ರಕ್ತವಿಲ್ಲ, ನಮ್ಮಂತೆ ಒಂದೆಡೆ ಕೂಡಿದ ಮೆದುಳೂ ಇಲ್ಲ. ಆದರೂ ಇದರ ಒಂದು ದೊಡ್ಡ ಜಾತಿ ಕೆಲವೇ ನಿಮಿಷಗಳಲ್ಲಿ ಮನುಷ್ಯನ ಹೃದಯವನ್ನು ನಿಲ್ಲಿಸಬಲ್ಲದು.

ಇತರ ಜೆಲ್ಲಿ ಮೀನುಗಳು ಬಹುಮಟ್ಟಿಗೆ ನೀರಿನ ಸೆಳೆತಕ್ಕೆ ತಕ್ಕಂತೆ ತೇಲುತ್ತವೆ. ಬಾಕ್ಸ್ ಜೆಲ್ಲಿ ಮೀನಾದರೋ ತನಗೆ ಬೇಕಾದ ದಿಕ್ಕಿಗೆ ಈಜುತ್ತದೆ. ಪೆಟ್ಟಿಗೆಯಾಕಾರದ ದೇಹವನ್ನು ಕುಗ್ಗಿಸಿದಾಗ ಒಳಗಿನ ನೀರು ಹೊರಚಿಮ್ಮುತ್ತದೆ. ಅಂಚಿನಲ್ಲಿರುವ ತೆಳು ಪೊರೆ ದ್ವಾರವನ್ನು ಕಿರಿದಾಗಿಸುವುದರಿಂದ ಆ ಚಿಮ್ಮುವಿಕೆಗೆ ಬಲ ಬರುತ್ತದೆ. ನಾಲ್ಕು ಬದಿಗಳಲ್ಲಿ ತಲಾ 6ರಂತೆ ಒಟ್ಟು 24 ಕಣ್ಣುಗಳಿವೆ. ಕೆರಿಬಿಯನ್ ಸಮುದ್ರದ ಒಂದು ಸಣ್ಣ ಜಾತಿಯು ಡಿಕ್ಕಿ ಹೊಡೆದ ಅನುಭವದಿಂದಲೇ ಕಲಿತು, ಅಡ್ಡಿಗಳನ್ನು ತಪ್ಪಿಸಿಕೊಳ್ಳುತ್ತದೆಂದು 2023ರ ಅಧ್ಯಯನವೊಂದು ತೋರಿಸಿತು.

ಇದರ ಕುಟುಕು ಇನ್ನೂ ವಿಸ್ಮಯಕಾರಿ. ತೂಗಾಡುವ ಎಳೆಗಳಲ್ಲಿ ಅಸಂಖ್ಯ ಕುಟುಕು ಕೋಶಗಳಿವೆ. ಪ್ರತಿಯೊಂದರ ಒಳಗೂ ಸುರುಳಿ ಸುತ್ತಿದ ಸೂಕ್ಷ್ಮ ನಳಿಕೆ ಭಾರೀ ಒತ್ತಡದಲ್ಲಿ ಕಾದಿರುತ್ತದೆ. ಸ್ಪರ್ಶವೂ ಚರ್ಮದ ಮೇಲಿನ ರಾಸಾಯನಿಕಗಳ ಸುಳಿವೂ ಸಿಕ್ಕಿದೊಡನೆ ಅದು ಸಿಡಿದು ವಿಷವನ್ನು ಒಳಸೇರಿಸುತ್ತದೆ. ಸೀಗಡಿ, ಸಣ್ಣ ಮೀನುಗಳೇ ಇದರ ಆಹಾರ. ಒದ್ದಾಡುವ ಬೇಟೆ ಈ ಮೃದು ದೇಹವನ್ನು ಹರಿದುಹಾಕಬಹುದು. ಆದ್ದರಿಂದ ತಕ್ಷಣ ಕೊಲ್ಲುವ ವಿಷ ಅದಕ್ಕೆ ಬೇಕು. ಸತ್ತ ಬೇಟೆಯನ್ನು ಎಳೆಗಳು ದೇಹದೊಳಗಿನ ಬಾಯಿಗೆ ತಲುಪಿಸುತ್ತವೆ. ಸತ್ತು ದಡಕ್ಕೆ ಬಿದ್ದ ಜೆಲ್ಲಿ ಮೀನಿನ ಎಳೆಯನ್ನು ತುಳಿದರೂ ಕೋಶಗಳು ಸಿಡಿಯುತ್ತವೆ.

ಹಾಗಾದರೆ ಈ ಜೀವಿಯನ್ನು ಕ್ರೂರಿ ಎನ್ನಬಹುದೇ? ಖಂಡಿತ ಇಲ್ಲ. ಅದಕ್ಕೆ ದ್ವೇಷವಿಲ್ಲ, ಮನುಷ್ಯ ಅದರ ಬೇಟೆಯೂ ಅಲ್ಲ. ಸೃಷ್ಟಿಕರ್ತನು ಕೊಟ್ಟ ಸಾಧನದಿಂದ ಅದು ತನ್ನ ಅನ್ನವನ್ನು ಸಂಪಾದಿಸುತ್ತದೆ. ಅಡ್ಡಿಯನ್ನು ತಪ್ಪಿಸಲು ಕಲಿಯುವುದು ಬೇರೆ, ಸರಿ ತಪ್ಪುಗಳನ್ನು ಅರಿಯುವುದು ಬೇರೆ. ನಿಯ್ಯತ್ ಇಲ್ಲದಲ್ಲಿ ಪಾಪವಿಲ್ಲ.

ಆದರೆ ಇದನ್ನು ತಿರುಗಿಸಿ ಕೇಳಿದರೆ ಪ್ರಶ್ನೆ ಜಟಿಲವಾಗುತ್ತದೆ. ದುರುದ್ದೇಶವಿಲ್ಲದ ಜೀವಿ ನಿರ್ದೋಷಿಯಾದರೆ, ಸದುದ್ದೇಶವಿರುವ ಮನುಷ್ಯನೂ ನಿರ್ದೋಷಿಯೇ?

ಇದೇ ಜೆಲ್ಲಿ ಮೀನಿನ ಇತಿಹಾಸದಲ್ಲಿ ಈ ಪ್ರಶ್ನೆಯನ್ನು ಮುಂದಿಡುವ ಘಟನೆಯೊಂದಿದೆ. ಆಸ್ಟ್ರೇಲಿಯಾದ ಕೇರ್ನ್ಸ್ ನಗರದ ಸುತ್ತಮುತ್ತ ಈಜುಗಾರರಿಗೆ ವಿಚಿತ್ರ ಕಾಯಿಲೆಯೊಂದು ಬರುತ್ತಿತ್ತು. ಮೊದಲು ಸಣ್ಣ ಉರಿ, ಸ್ವಲ್ಪ ಹೊತ್ತಿನ ಬಳಿಕ ತೀವ್ರ ಬೆನ್ನುನೋವು, ವಾಂತಿ, ಬೆವರು, ಸತ್ತೇಹೋಗುವೆನೆಂಬ ಭಯ. 1952ರಲ್ಲಿ ಡಾ. ಹ್ಯೂಗೋ ಫ್ಲೆಕರ್ ಆ ಪ್ರದೇಶದ ಮೂಲನಿವಾಸಿಗಳ ಹೆಸರಿನಿಂದ ಅದನ್ನು 'ಇರುಕಾಂಜಿ' ಎಂದು ಕರೆದರು. ಕಾರಣ ಮಾತ್ರ ತಿಳಿದಿರಲಿಲ್ಲ. 1961ರಲ್ಲಿ ಅಲ್ಲಿನ ವೈದ್ಯ ಜಾಕ್ ಬಾರ್ನ್ಸ್ ಬೆರಳ ತುದಿಯಷ್ಟು ಚಿಕ್ಕ ಬಾಕ್ಸ್ ಜೆಲ್ಲಿ ಮೀನೊಂದನ್ನು ಹಿಡಿದರು. ಅದೇ ಕಾರಣವೆಂದು ಸಾಬೀತುಪಡಿಸಲು ಅದರ ಕುಟುಕನ್ನು ತನ್ನ ಮೈಗೆ ತಗುಲಿಸಿಕೊಂಡರು. ಒಬ್ಬ ಯುವ ಜೀವರಕ್ಷಕನಿಗೂ ತನ್ನ 9 ವರ್ಷದ ಮಗನಿಗೂ ತಗುಲಿಸಿದರು. ಮೂವರೂ ಆಸ್ಪತ್ರೆ ಸೇರಿ, ಚೇತರಿಸಿಕೊಂಡರು. ಕಾರಣ ಸ್ಪಷ್ಟವಾಯಿತು. 1967ರಲ್ಲಿ ಆ ಜಾತಿಗೆ ಬಾರ್ನ್ಸ್ ಅವರ ಹೆಸರನ್ನೇ ಇಡಲಾಯಿತು.

ಬಾರ್ನ್ಸ್ ಅವರ ಉದ್ದೇಶವನ್ನು ಯಾರೂ ಶಂಕಿಸಲಾರರು. ತನ್ನ ದೇಹವನ್ನೇ ಮೊದಲು ಒಡ್ಡಿದವರು ಅವರು. ಜೀವರಕ್ಷಕ ತಾನಾಗಿ ಒಪ್ಪಬಲ್ಲ ವಯಸ್ಸಿನವನು. ಆದರೆ ಆ ಬಾಲಕ? ತಂದೆಯನ್ನು ನಂಬಿದ 9 ವರ್ಷದ ಮಗು 'ಆಗಲಿ' ಎಂದರೂ ಅದನ್ನು ಒಪ್ಪಿಗೆ ಎನ್ನಲಾಗದು. ಇರುಕಾಂಜಿ ಸಾವಿಗೂ ಕಾರಣವಾಗಬಲ್ಲದೆಂದು ವೈದ್ಯರು ಮನಗಂಡದ್ದು 2002ರಲ್ಲಿ, ಕ್ವೀನ್ಸ್‌ಲೆಂಡ್‌ನಲ್ಲಿ ಇಬ್ಬರು ಪ್ರವಾಸಿಗರು ಮೃತಪಟ್ಟಾಗ. ಅಂದರೆ ತಾನು ಮಗನನ್ನು ಎಂಥ ಅಪಾಯಕ್ಕೆ ಒಡ್ಡುತ್ತಿದ್ದೇನೆಂದು ಆ ತಂದೆಗೆ ತಿಳಿದಿರಲಿಲ್ಲ. ಕುಟುಕು ಕೋಶಕ್ಕೆ ತಂದೆಯ ಸದುದ್ದೇಶ ಗೊತ್ತಾಗುವುದೂ ಇಲ್ಲ.

ಕರ್ಮಗಳನ್ನು ತೂಗುವಾಗ ಇಸ್ಲಾಮ್ ಉದ್ದೇಶಕ್ಕೆ ನೀಡಿದ ಮಹತ್ವ ಎಲ್ಲರಿಗೂ ತಿಳಿದಿದೆ. ಅದೇ ಇಸ್ಲಾಮ್, ಪ್ರಮಾದದಿಂದ ಒಬ್ಬನ ಪ್ರಾಣ ಹೋದರೂ ಅವನ ಮನೆಯವರಿಗೆ ಪರಿಹಾರ ಸಲ್ಲಬೇಕೆಂದು ವಿಧಿಸಿದೆ. ಅವರು ಮನಸಾರೆ ಬಿಟ್ಟುಕೊಟ್ಟರೆ ಮಾತ್ರ ರಿಯಾಯಿತಿ. ಕೊಂದವನು ಕೊಲೆಗಾರನಲ್ಲ, ನಿಜ. ಆದರೆ ಹೋದ ಜೀವದ ಹಕ್ಕು ಉಳಿದೇ ಇರುತ್ತದೆ. ನಿಯ್ಯತ್ ದೇವನಿಗೂ ದಾಸನಿಗೂ ನಡುವಿನ ಲೆಕ್ಕ. ನೋವುಂಡವನ ಹಕ್ಕನ್ನು ಅದು ಅಳಿಸಿಹಾಕುವುದಿಲ್ಲ.

ಮಕ್ಕಳು ನಮ್ಮ ಸೊತ್ತಲ್ಲ, ಅಮಾನತ್. ಪ್ರಯೋಗಾಲಯವಿಲ್ಲದ ನಮ್ಮ ಮನೆಗಳಲ್ಲೂ 'ನಿನ್ನ ಒಳ್ಳೆಯದಕ್ಕೇ' ಎಂಬ ಮಾತಿನೊಂದಿಗೆ ಎಷ್ಟು ಕುಟುಕುಗಳು ಆಗುತ್ತಿಲ್ಲ? ಮಗನಿಗೆ ಬೇಡವಾದ ಓದು, ಮಗಳನ್ನು ಕೇಳದೆ ನಿಶ್ಚಯಿಸಿದ ಮದುವೆ. ಇವನ್ನು ಹೇರುವವರಲ್ಲಿ ಹೆಚ್ಚಿನವರು ದುಷ್ಟರಲ್ಲ, ಪ್ರೀತಿಯುಳ್ಳವರೇ. ಆದ್ದರಿಂದಲೇ ಅವರಿಗೆ ತಮ್ಮ ಕೈಯಿಂದಾದ ಗಾಯ ಕಾಣಿಸುವುದಿಲ್ಲ. ಜೆಲ್ಲಿ ಮೀನಿನಿಂದ ಯಾರೂ ಉತ್ತರ ಕೇಳುವುದಿಲ್ಲ. ಮನುಷ್ಯನಿಗೆ ವಿವೇಕವನ್ನೂ ಮಾತನ್ನೂ ಕೊಡಲಾಗಿದೆ. ಇನ್ನೊಬ್ಬರ ಬದುಕಿನ ಮೇಲೆ ಕೈಯಿಡುವ ಮೊದಲು ಅವರನ್ನು ಕೇಳಬೇಕಾದದ್ದು, ಕೇಳಿ ಉತ್ತರಿಸಲಾಗದ ವಯಸ್ಸಿನವರಾದರೆ ಕೈಯನ್ನು ಹಿಂದಕ್ಕೆ ಎಳೆದುಕೊಳ್ಳಬೇಕಾದದ್ದು ಆ ಕೊಡುಗೆಯ ಋಣ.