ಗೋತ್ರವಿಲ್ಲದ ಎಳ್ಳುನೀರು

ನನಗೆ ಕಿಡ್ನಿ ಕೊಡಲು ಒಪ್ಪಿಕೊಳ್ಳುವುದಕ್ಕೆ ನನ್ನ ಹೆಂಡತಿ ಒಂದು ಲೋಟ ಕಾಫಿ ಆರುವಷ್ಟು ಹೊತ್ತೂ ತೆಗೆದುಕೊಳ್ಳಲಿಲ್ಲ. ಅದೇ ಕಿಡ್ನಿಯ ಲೆಕ್ಕ ಕೊಡುವುದಕ್ಕೆ ಹದಿನೈದು ದಿನ ತೆಗೆದುಕೊಂಡಳು.

ಕಸಿಯಾಗಿ ಎರಡು ವರ್ಷವಾಗಿತ್ತು. ತಪಾಸಣೆಗೆ ಹೋದಾಗ ಒಂದು ನಮೂನೆ ಮುಂದಿಟ್ಟರು. ಕಸಿಯಾದವರ ನೋಂದಣಿಗೆ ನಮ್ಮಿಬ್ಬರ ವಿವರವನ್ನೂ ಸೇರಿಸಬಹುದೇ? ವಯಸ್ಸು, ರಕ್ತದ ಗುಂಪು, ಕ್ರಿಯಾಟಿನಿನ್, ಮಾತ್ರೆಯ ಪ್ರಮಾಣ, ಮುಂದೆ ಏನಾಗುತ್ತದೋ ಅದು. ಹೆಸರು ತೆಗೆದು ಸಂಖ್ಯೆ ಹಾಕುತ್ತೇವೆ, ಸಂಶೋಧನೆಗಷ್ಟೇ ಎಂದರು. ನಾನು ಪೆನ್ನು ತೆಗೆದೆ. ಇವಳು ಕೈ ಹಿಡಿದಳು.

"ನಿಮಗೆ ಅಂತ ಕೊಟ್ಟೆ, ಸರಿ. ಇದು ಯಾರಿಗೆ?"

ಮೂವತ್ತನಾಲ್ಕು ವರ್ಷ ಅಂಚೆ ಇಲಾಖೆಯಲ್ಲಿ ವಿಳಾಸ ಓದಿದವನಿಗೆ ಆ ಪ್ರಶ್ನೆ ನಾಟಿತು. (ಹೆಸರು ಅಳಿಸಿದರೆ ಗುರುತು ಅಳಿಯುತ್ತದೆಯೇ ಎಂಬ ಅನುಮಾನ ನನಗೂ ಇತ್ತು. ನಮ್ಮೂರಲ್ಲಿ ಹೆಂಡತಿಯ ಕಿಡ್ನಿ ಹಾಕಿಸಿಕೊಂಡ ಪೋಸ್ಟ್ ಮಾಸ್ತರು ಎಷ್ಟು ಜನ ಇದ್ದಾರು?) ದಾನವೆಂದರೆ ದೇಶ, ಕಾಲ, ಗೋತ್ರ, ಹೆಸರು ಎಲ್ಲ ಹೇಳಿ ಸಂಕಲ್ಪ ಮಾಡಿ, ಎದುರಿಗಿರುವವನ ಕೈಮೇಲೆ ನೀರು ಬಿಡುವುದು. ಇಲ್ಲಿ ಕೊಡುವವರಿಗೆ ಹೆಸರಿಲ್ಲ. ಪಡೆಯುವವನು ಇನ್ನೂ ಹುಟ್ಟೇ ಇಲ್ಲದಿರಬಹುದು.

ಆದರೆ ನಾನು ಬದುಕಿದ್ದೇ ಅಂಥ ಹೆಸರಿಲ್ಲದವರಿಂದ. ಕಸಿಗೆ ಮೊದಲು ಪರೀಕ್ಷೆ ಮಾಡಿದಾಗ ನಮ್ಮಿಬ್ಬರ ಅಂಗಾಂಶಗಳು ಹೊಂದಿರಲಿಲ್ಲ. 1994ರ ಕಾಯ್ದೆ ಹೆಂಡತಿಯನ್ನು ಹತ್ತಿರದ ಬಂಧು ಎನ್ನುತ್ತದೆ. ಮದುವೆಯ ದಿನವೇ ಅವಳು ನನ್ನ ಗೋತ್ರಕ್ಕೆ ಬಂದಿದ್ದಳು. ರಕ್ತಕ್ಕೆ ಮಾತ್ರ ಆ ಸುದ್ದಿ ತಲುಪಿರಲಿಲ್ಲ. ನಾನು ಹೆದರಿದೆ. ಡಾಕ್ಟರು ಹೆದರಲಿಲ್ಲ. 1995ರಲ್ಲಿ ಲಾಸ್ ಏಂಜಲೀಸ್‌ನ ಪಾಲ್ ತೆರಸಾಕಿ ಮತ್ತು ಜೊತೆಗಾರರು ಅಮೆರಿಕದ ಕಸಿ ನೋಂದಣಿಯನ್ನು ಜಾಲಾಡಿದ್ದರಂತೆ. ಗಂಡ ಹೆಂಡತಿಗೆ, ಹೆಂಡತಿ ಗಂಡನಿಗೆ ಕೊಟ್ಟ 368 ಕಿಡ್ನಿಗಳಲ್ಲಿ ಮೂರು ವರ್ಷದ ಮೇಲೂ ನೂರಕ್ಕೆ 85 ನಡೆಯುತ್ತಿದ್ದವು. ಹೆತ್ತವರು ಕೊಟ್ಟದ್ದು 82, ಮೃತರಿಂದ ಬಂದದ್ದು 70. ಹೊಂದಾಣಿಕೆ ಕಡಿಮೆಯಿದ್ದರೂ, ಬದುಕಿರುವವರಿಂದ ಬಂದ ಕಿಡ್ನಿ ಪೆಟ್ಟು ತಿಂದಿರುವುದಿಲ್ಲ ಎನ್ನುವುದು ಅವರು ಕಂಡ ಕಾರಣ.

ಆ ಹದಿನೈದು ದಿನಗಳ ನಡುವೆ ಮಹಾಲಯ ಅಮಾವಾಸ್ಯೆ ಬಂತು. ಕೆರೆಗೆ ಇಳಿಯಬೇಡಿ ಎಂದು ಡಾಕ್ಟರು ಹೇಳಿದ್ದಾರೆ. ಹಿತ್ತಲಲ್ಲೇ ಕೂತು ತರ್ಪಣ ಬಿಟ್ಟೆ. ಅಪ್ಪ, ಅಜ್ಜ, ಮುತ್ತಜ್ಜ ಮುಗಿದ ಮೇಲೆ ಕೊನೆಗೊಮ್ಮೆ, ಹೆಸರು ಗೋತ್ರ ತಿಳಿಯದವರಿಗೆ, ಎಳ್ಳುನೀರು ಬಿಡಲು ಯಾರೂ ಇಲ್ಲದವರಿಗೆ ಬಿಡುವುದುಂಟು. ಇಷ್ಟು ವರ್ಷ ಅದನ್ನು ಬೇಗ ಬೇಗ ಮುಗಿಸಿ ಏಳುತ್ತಿದ್ದೆ. ಈ ಸಲ ಕೈ ನಿಂತಿತು. ಆ ನೂರರಲ್ಲಿ ಉಳಿದ 15 ಎಲ್ಲಿ ಹೋದವು? ಅಲ್ಲಿ ನಿಂತುಹೋದ ಕಿಡ್ನಿಗಳಿವೆ, ತೀರಿಹೋದವರಿದ್ದಾರೆ. ಅವರನ್ನೂ ಬರೆದಿಟ್ಟಿದ್ದರಿಂದ ತಾನೆ ಆ 85ಕ್ಕೆ ಬೆಲೆ? ಚೆನ್ನಾಗಿರುವವರಷ್ಟೇ ಹೆಸರು ಕೊಟ್ಟಿದ್ದರೆ ಲೆಕ್ಕ ನೂರಕ್ಕೆ ನೂರೇ ಬರುತ್ತಿತ್ತು, ಪೂರಾ ಸುಳ್ಳು.

ಒಳಗೆ ಬಂದು ಇವಳಿಗೆ ಹೇಳಿದೆ: "ಇದು ದಾನ ಅಲ್ಲ ಕಣೆ. ಋಷಿಋಣ ಇದ್ದ ಹಾಗೆ. ಕಲಿತದ್ದನ್ನು ಮುಂದಿನವರಿಗೆ ದಾಟಿಸಿದರೆ ತೀರುತ್ತದೆ."

"ಋಣ ನಿಮ್ಮದು," ಎಂದಳು, ಹುರುಳಿಕಾಯಿ ಮುರಿಯುತ್ತ. "ನಾನು ಯಾರ ಹತ್ರ ಏನು ತಗೊಂಡಿದೀನಿ?"

ಇದಕ್ಕೆ ನನ್ನಲ್ಲಿ ಉತ್ತರವಿರಲಿಲ್ಲ, ಈಗಲೂ ಇಲ್ಲ. ಪಡೆದವನು ತೀರಿಸಬೇಕು, ನಿಜ. ಕೊಟ್ಟವಳ ಮೈಯ ಲೆಕ್ಕವನ್ನೂ ನನ್ನ ಸಾಲಕ್ಕೆ ಜಮಾ ಮಾಡಲು ನಾನು ಯಾರು? ನಮೂನೆಯಲ್ಲಿ ಅವಳಿಗೆ ಬೇರೆಯದೇ ಸಹಿಯ ಜಾಗವಿತ್ತು. ಅದನ್ನು ನಾನು ಸರಿಯಾಗಿ ನೋಡಿಯೇ ಇರಲಿಲ್ಲ.

ಮುಂದಿನ ಸಲ ಆಸ್ಪತ್ರೆಗೆ ಹೋದಾಗ ಅವಳೇ ನಮೂನೆ ಕೊಟ್ಟಿದ್ದ ಹುಡುಗಿಯನ್ನು ಕೇಳಿದಳು: "ನಾಳೆ ಇವರಿಗೆ ಹಾಕಿದ್ದು ಕೆಟ್ಟುಹೋದರೂ ಬರೀತೀರಾ?"

"ಬರೀಲೇಬೇಕು ಆಂಟಿ."

"ನನಗೇನಾದ್ರೂ ಆದರೆ?"

"ಅದನ್ನೂ."

ಹೆಸರು ಹೇಗೂ ತೆಗೆಯುತ್ತಾರೆ ಎಂದು ಗೊತ್ತಿದ್ದೂ ಇವಳು ಇನಿಷಿಯಲ್ ಬಿಡದೆ, ತವರಿನ ಊರನ್ನೂ ಸೇರಿಸಿ, ನಿಧಾನವಾಗಿ ಪೂರ್ತಿ ಹೆಸರು ಬರೆದಳು.